ಒಂದೇ ದಿನದ ತುರ್ತು ತರಬೇತಿ: ಪಿಎಚ್‌ಸಿ ಸಿಬ್ಬಂದಿಗೆ ಏನು ಕಲಿಸೂದು, ಏನು ಬಿಡೂದು?

ಡೋಣಿ ದಂಡಿ
ಎಲ್ಲಾರಿಗೂ ಶರಣ್ರಿ. ವಿಜಯಪುರ ಜಿಲ್ಲಾದ ಒಂದು ತಾಲೂಕಿನ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಸಿಬ್ಬಂದಿಗೆ ತುರ್ತು ಚಿಕಿತ್ಸಾ ತರಬೇತಿ ಇಡಬೇಕಾಗೈತಿ. ಸಿಕ್ಕಿದ್ದು ಒಂದೇ ದಿನ, ಮುಂಜಾನೆ ಹತ್ತರಿಂದ ಸಂಜಿ ಐದರ ತನಕ. ಬರೋರು ಮೂವತ್ತು ಮಂದಿ: ಸ್ಟಾಫ್ ನರ್ಸ್, ಪಿಎಚ್‌ಸಿಓ (ಪ್ರಾಥಮಿಕ ಆರೋಗ್ಯ ಸುರಕ್ಷಾ ಅಧಿಕಾರಿ), ಸಿಎಚ್‌ಓ (ಸಮುದಾಯ ಆರೋಗ್ಯ ಅಧಿಕಾರಿ), ಮೂರ್ನಾಲ್ಕು ಜನ ಫಾರ್ಮಸಿ ಅಧಿಕಾರಿಗಳು. ಮ್ಯಾಲಿಂದ ಬಂದ ಪಟ್ಟಿ ಹಿಂಗೈತಿ: ಹೃದಯಾಘಾತ, ಲಕ್ವ, ರಸ್ತೆ ಅಪಘಾತ, ಹಾವು ಕಡಿತ, ವಿಷ, ಹೆರಿಗೆ ರಕ್ತಸ್ರಾವ, ಬಸುರಿ ಫಿಟ್ಸ್, ಉಸಿರಾಡದ ಕೂಸು, ಸುಟ್ಟ ಗಾಯ, ಬಿಸಿಲ ಹೊಡೆತ, ವಿಪತ್ತು ನಿರ್ವಹಣೆ. ಹನ್ನೊಂದು ವಿಷಯ, ಒಂದಕ್ಕ ಅರ್ಧ ತಾಸು. ಆಗೂ ಮಾತು ಅನಸವಲ್ದು. ಯಾವುದು ಇಡ್ಲಿ, ಯಾವುದು ತಗೀಲಿ? ದೊಡ್ಡೋರ ಮ್ಯಾನಿಕಿನ್ ಒಂದೈತಿ, ಕೂಸಿನ ಗೊಂಬಿ ಸಿಗಬಹುದು. ಪ್ರೊಜೆಕ್ಟರ್ ಅಂತೂ ಐತಿ.

ಕ್ಯಾಶುವಾಲ್ಟಿ ಕಟ್ಟಿ
ಮೊದಲ ಪ್ರೊಜೆಕ್ಟರ್ ವಾಪಸ್ ಕೊಡ್ರಿ. ಉಳಿದದ್ದು ಆಮ್ಯಾಲ ಮಾತಾಡೂಣು.

ಹಿಡಕಲ್ ನೀರು
ಹನ್ನೊಂದು ವಿಷಯ ಇಟ್ಟರೆ ಹಾಜರಿ ಪುಸ್ತಕ ತುಂಬುತ್ತದೆ, ಅಷ್ಟೇ. ಲೆಕ್ಕ ನೋಡಿ. ಒಬ್ಬರು ಎದೆ ಒತ್ತುವುದನ್ನು ಎರಡು ನಿಮಿಷ ಮಾಡಿ, ತಿದ್ದಿಸಿಕೊಂಡು ಏಳಲು ಕನಿಷ್ಠ ಮೂರು ನಿಮಿಷ ಬೇಕು. ಮೂವತ್ತು ಜನ, ಒಂದು ಮ್ಯಾನಿಕಿನ್ ಅಂದರೆ ಅದಕ್ಕೇ ತೊಂಬತ್ತು ನಿಮಿಷ. ಅರ್ಧ ತಾಸಿನ ಕ್ಲಾಸಿನಲ್ಲಿ ಹತ್ತು ಜನ ಒತ್ತುತ್ತಾರೆ, ಇಪ್ಪತ್ತು ಜನ ನೋಡುತ್ತಾರೆ. ನೋಡಿದವರಿಗೆ ಕೈ ಕೂರುವುದಿಲ್ಲ.

ಇದಕ್ಕೆ ಪುರಾವೆ ದೂರ ಹುಡುಕಬೇಕಿಲ್ಲ, ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇದೆ. ಉಸಿರಾಡದ ಕೂಸಿಗೆ ಉಸಿರು ಕೊಡುವ 'ಹೆಲ್ಪಿಂಗ್ ಬೇಬೀಸ್ ಬ್ರೀತ್' ತರಬೇತಿಯನ್ನು ಇಲ್ಲಿ 599 ಹೆರಿಗೆ ಸಿಬ್ಬಂದಿಗೆ ಕೊಟ್ಟು ಫಲ ಅಳೆದರು, 2013ರಲ್ಲಿ ಪ್ರಕಟವಾಯಿತು. ಸತ್ತು ಹುಟ್ಟಿದ ಮಕ್ಕಳು ನೂರಕ್ಕೆ 3.0 ಇದ್ದದ್ದು 2.3ಕ್ಕೆ ಇಳಿಯಿತು. ಆದರೆ ಹುಟ್ಟಿದ ಮೇಲೆ ಸಾಯುವ ಶಿಶುಗಳ ಪ್ರಮಾಣ ಇಳಿಯಲಿಲ್ಲ. ಆಮೇಲೆ ಬೆಳಗಾವಿ, ನಾಗಪುರ, ಕೀನ್ಯಾದ ಎಲ್ಡೊರೆಟ್ ಮೂರೂ ಕಡೆ ಕಲಿತವರನ್ನು ಮತ್ತೆ ಪರೀಕ್ಷಿಸಿದಾಗ, ಬಾಯಿಪಾಠದ ತಿಳಿವಳಿಕೆ ಬಹುಪಾಲು ಉಳಿದಿತ್ತು, ಬ್ಯಾಗ್-ಮಾಸ್ಕ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಹಿಡಿಯುವ ಕೈಚಳಕ ಆರು ತಿಂಗಳಲ್ಲಿ ಇಳಿದಿತ್ತು. ಮರುತರಬೇತಿ ಕೊಟ್ಟಾಗ ಮತ್ತೆ ಏರಿತು.

ಆದ್ದರಿಂದ ನಿಮ್ಮ ಒಂದು ದಿನವನ್ನು 'ಶುರುವಾತು' ಎಂದುಕೊಳ್ಳಿ. ಐದು ಮೇಜು, ಮೇಜಿಗೆ ಆರು ಜನ, ಐವತ್ತು ನಿಮಿಷ, ಎಲ್ಲರೂ ಎಲ್ಲ ಮೇಜಿಗೂ ತಿರುಗಲಿ. ಮುಂದಿನ ಆರು ತಿಂಗಳು ಅವರವರ ಪಿಎಚ್‌ಸಿಯಲ್ಲೇ ವಾರಕ್ಕೊಮ್ಮೆ ಹತ್ತು ನಿಮಿಷದ ಅಣಕು ಕಸರತ್ತು. ಇದಕ್ಕೆ ಒಪ್ಪಿಗೆ ಸಿಗದಿದ್ದರೆ ಆ ಒಂದು ದಿನವೂ ಖರ್ಚಿಗೇ.

ಬಾದಾಮಿ ಬಿಸಿಲು
ಐದು ಮೇಜು ಅಂದ್ರ ಆರು ವಿಷಯ ಔಟ್. ಯಾವ್ಯಾವು? ಹೃದಯಾಘಾತ ತಗದು ಕೂತ್ರ ನಾನಂತೂ ಜಗಳಕ್ಕ ಬರ್ತೀನಿ.

ಹಿಡಕಲ್ ನೀರು
ಹೆರಿಗೆ ರಕ್ತಸ್ರಾವ, ಬಸುರಿ ಫಿಟ್ಸ್, ಉಸಿರಾಡದ ಕೂಸು, ಹಾವು ಮತ್ತು ವಿಷ ಸೇರಿಸಿ ಒಂದು, ಐದನೆಯದು ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತುವುದು) ಜೊತೆ ಆಮ್ಲಜನಕ ಮತ್ತು ಅಡ್ರಿನಲಿನ್. ಕೈಯಿಂದ, ನಿಮಿಷಗಳ ಒಳಗೆ, ಪಿಎಚ್‌ಸಿಯಲ್ಲೇ ಆಗಬೇಕಾದ ಕೆಲಸ ಇವು.

ಕ್ಯಾಶುವಾಲ್ಟಿ ಕಟ್ಟಿ
ಬಾದಾಮಿಯವರೇ, ಹೃದಯಾಘಾತದಲ್ಲಿ ಪಿಎಚ್‌ಸಿ ಮಾಡುವ ಕೆಲಸ ಎರಡೇ. ಎದೆನೋವು ಅಂತ ಬಂದ ಹತ್ತು ನಿಮಿಷದೊಳಗೆ ಇಸಿಜಿ. ಅಲರ್ಜಿ, ರಕ್ತಸ್ರಾವ ಇಲ್ಲ ಅಂತ ಕೇಳಿಕೊಂಡು ಆಸ್ಪಿರಿನ್ 300 ಮಿ.ಗ್ರಾಂ ಜಗಿಸುವುದು, ನುಂಗಿಸುವುದಲ್ಲ. ಆಮೇಲೆ ತಾಲೂಕು ಆಸ್ಪತ್ರೆಗೆ. ಅಲ್ಲಿಂದ ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ಜಯದೇವ ಹೃದ್ರೋಗ ಸಂಸ್ಥೆಗೆ ಹೋಗಿ, ಹೆಪ್ಪು ಕರಗಿಸುವ ಇಂಜೆಕ್ಷನ್ ತೀರ್ಮಾನ ಆಗುತ್ತದೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಇಸಿಜಿ ಮಶೀನಿಗೆ ಅಂಟಿಸಿ. ಐವತ್ತು ನಿಮಿಷದ ಮೇಜು ಬೇಕಿಲ್ಲ. ಇಸಿಜಿಯ ಜೆಲ್ ಒಣಗಿದೆಯಾ, ರೋಲ್ ಇದೆಯಾ ಅಂತ ನೋಡುವುದಕ್ಕೆ ತರಬೇತಿ ಬೇಡ, ಕಣ್ಣು ಸಾಕು.

ಲೇಬರ್ ರೂಮ್ ಅಕ್ಕ
ಬಸುರಿ ಫಿಟ್ಸ್ ಮೇಜಿಗೆ ಒಂದು ಮಾತು. ಫಿಟ್ಸ್ ತಡ್ಯೂ ಔಷಧ ಮ್ಯಾಗ್ನೀಷಿಯಂ ಸಲ್ಫೇಟ್. ಎಲ್ಲಾರೂ 'ಮ್ಯಾಗ್‌ಸಲ್ಫ್ ಹತ್ತು ಗ್ರಾಂ, ಎರಡೂ ಕುಂಡಿಗೆ ಐದೈದು' ಅಂತ ಬಾಯಿಲೆ ಹೇಳ್ತಾರ. ಮಾಡಸ್ರಿ ನೋಡೋಣು. 50 ಪರ್ಸೆಂಟಿನ 2 ಮಿ.ಲೀ. ಆಂಪೂಲಿನಾಗ 1 ಗ್ರಾಂ ಇರತೈತಿ. ಅಂದ್ರ ಹತ್ತು ಆಂಪೂಲ್ ಮುರೀಬೇಕು, 10 ಮಿ.ಲೀ. ಸಿರಿಂಜ್ ಎರಡು ತುಂಬಬೇಕು, ನೋವು ಕಡಿಮಿ ಆಗ್ಲಿ ಅಂತ ಒಂದೊಂದಕ್ಕ 2 ಪರ್ಸೆಂಟ್ ಲಿಗ್ನೋಕೇನ್ 1 ಮಿ.ಲೀ. ಸೇರಸಬೇಕು (ಆಗ 10 ಮಿ.ಲೀ. ಗೆರಿ ದಾಟ್ತೈತಿ, ಪಿಸ್ಟನ್ ಕಡೀತನಕ ಎಳೀಬೇಕು), ಉದ್ದನ ಸೂಜಿ ಹಾಕಿ ಆಳಕ್ಕ ಕೊಡಬೇಕು. ಒಬ್ಬಾಕೀನ ಮಾಡಿದ್ರ ನಡುವ ಎರಡು ಆಂಪೂಲ್ ಪುಡಿ ಆಗ್ತಾವು, ಬೆರಳು ಕೊಯ್ತೈತಿ, ಎಷ್ಟು ಎಳದೆ ಅನ್ನೋ ಲೆಕ್ಕ ತಪ್ಪತೈತಿ. ಇಬ್ಬರು ಬೇಕ ಬೇಕು: ಒಬ್ಬರು ಮುರದು ಹಿಡೀಬೇಕು, ಒಬ್ಬರು ಎಳೀಬೇಕು, ಖಾಲಿ ಆಂಪೂಲ್ ಐದೈದರ ಸಾಲಿನಾಗ ಟ್ರೇದಾಗ ನಿಂದರಸಬೇಕು. ಸಾಲು ಎಣಿಸಿದ್ರ ಡೋಸ್ ಗೊತ್ತಾಗ್ತೈತಿ.

ಇನ್ನೊಂದು. 25 ಪರ್ಸೆಂಟಿನ ಆಂಪೂಲೂ ಬರ್ತಾವು. ಅದರಾಗ ಅರ್ಧ ಗ್ರಾಂ ಅಷ್ಟ. ಇಂಡೆಂಟ್ (ಬೇಡಿಕೆ ಹಾಕಿದ ಔಷಧ) ಬಂದ ದಿನಾನ ಲೇಬಲ್ ಓದಿ ಡಬ್ಬಿ ಮ್ಯಾಲ ದಪ್ಪ ಅಕ್ಷರದಾಗ ಬರೀರಿ. ಫಿಟ್ಸ್ ನಡದಾಗ ಯಾರೂ ಸಣ್ಣ ಅಕ್ಷರ ಓದಂಗಿಲ್ಲ.

ಗುಳಗಿ ಲೆಕ್ಕ
ಜೊತೆಗೆ ಮ್ಯಾಗ್‌ಸಲ್ಫ್‌ಗೆ ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲುಕೋನೇಟ್ 10 ಪರ್ಸೆಂಟ್ 10 ಮಿ.ಲೀ. ಅದೇ ಡಬ್ಬಿಯಲ್ಲಿ ಇರಲಿ. ಮ್ಯಾಗ್‌ಸಲ್ಫ್ ಹೆಚ್ಚಾದರೆ ಮೊದಲು ಮೊಣಕಾಲಿನ ಜರ್ಕ್ ಹೋಗುತ್ತದೆ, ಆಮೇಲೆ ಉಸಿರು. ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ, ಮೂತ್ರ ತಾಸಿಗೆ 30 ಮಿ.ಲೀ.ಗಿಂತ ಕಡಿಮೆ, ಜರ್ಕ್ ಇಲ್ಲ, ಈ ಮೂರರಲ್ಲಿ ಒಂದು ಕಂಡರೂ ಮುಂದಿನ ಡೋಸ್ ಇಲ್ಲ. ಕ್ಯಾಲ್ಸಿಯಂ ಬೇರೆ ಕೋಣೆಯ ಬೀರುವಿನಲ್ಲಿ, ಬೀಗದ ಕೈ ಮನೆಗೆ ಹೋದವರ ಹತ್ತಿರ, ಹೀಗಿದ್ದರೆ ಇಲ್ಲದ ಹಾಗೆಯೇ.

ಆಶಾ ದಾರಿ
ಪಿಎಚ್‌ಸಿಗೆ ಬರೂಕಿಂತ ಮುಂಚೆ ಮನ್ಯಾಗ ಏನಾಗ್ತೈತಿ ಅದನ್ನೂ ಹೇಳ್ರಿ. ಫಿಟ್ಸ್ ಬಂದ್ರ ಇನ್ನೂ ಮೂಗಿಗೆ ಉಳ್ಳಾಗಡ್ಡಿ, ಚಪ್ಪಲಿ ಹಿಡೀತಾರ, ಕೈಯಾಗ ಕಬ್ಬಿಣ ಕೊಡ್ತಾರ, ಹಲ್ಲಿನ ನಡುವ ಚಮಚ ತುರಕ್ತಾರ. ಚಮಚದಿಂದ ಹಲ್ಲು ಮುರದು ಉಸಿರ ನಾಳಕ್ಕ ಹೋಗೂದೈತಿ. ಆಶಾ ಅಕ್ಕಾರಿಗೆ ಮೂರ ಮಾತು ಸಾಕು: ಎಡಮಗ್ಗಲಿಗೆ ಹೊರಳಸ್ರಿ, ಬಾಯಾಗ ಏನೂ ಹಾಕಬ್ಯಾಡ್ರಿ, 108 ಹಚ್ಚರಿ.

ಖಾನಾಪುರ ಕಾಡು
ಹಾವಿನ ಮೇಜಿಗೆ ಪೂರ್ತಿ ಐವತ್ತು ನಿಮಿಷ ಬೇಕು. ವಿಷದ ಜೊತೆ ಸೇರಿಸಬೇಡಿ. ರಾಜ್ಯದಲ್ಲಿ 2024ರ ಫೆಬ್ರುವರಿಯಿಂದ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ. ಅಂದ ಮೇಲೆ ಫಾರಂ ತುಂಬುವುದೂ ಕಲಿಸಬೇಕು.

ಮುಧೋಳ ಮುಂಗಾರು
ಕಡಿದ ಜಾಗದ ಮ್ಯಾಲ ಬಿಗಿಯಾಗಿ ಕಟ್ಟೂದು, ಎಎಸ್‌ವಿ (ಹಾವಿನ ವಿಷದ ಪ್ರತಿಮದ್ದು) ಕೊಡೂಕಿಂತ ಮೊದಲ ಚರ್ಮದಾಗ ಟೆಸ್ಟ್ ಡೋಸ್ ಹಾಕಿ ನೋಡೂದು, ಇವೆರಡೂ ಮರೀಬ್ಯಾಡ್ರಿ.

ಖಾನಾಪುರ ಕಾಡು
ಎರಡೂ ಮರೆತೇಬಿಡಬೇಕು ಸರ್.

ಬಿಗಿ ಕಟ್ಟಿದರೆ ಕಾಲು ಕೊಳೆಯುತ್ತದೆ, ವಿಷ ನಿಲ್ಲುವುದಿಲ್ಲ. ಕಟ್ಟಿಕೊಂಡೇ ಬಂದವರದ್ದನ್ನು ಬಾಗಿಲಲ್ಲೇ ಕತ್ತರಿಸಿ ಬಿಚ್ಚುವುದೂ ಅಪಾಯ. ಸಲೈನ್ ಹಾಕಿ, ಎಎಸ್‌ವಿ ಮತ್ತು ಅಡ್ರಿನಲಿನ್ ಸಿದ್ಧ ಇಟ್ಟುಕೊಂಡು ನಿಧಾನ ಸಡಿಲಿಸಬೇಕು. ಟೆಸ್ಟ್ ಡೋಸಿನಿಂದ ರಿಯಾಕ್ಷನ್ (ಎಎಸ್‌ವಿಯ ಅಲರ್ಜಿ) ಬರುತ್ತದೋ ಇಲ್ಲವೋ ತಿಳಿಯುವುದಿಲ್ಲ. ಅದಕ್ಕೇ ರಾಷ್ಟ್ರೀಯ ಮಾರ್ಗಸೂಚಿ ಅದನ್ನು ಬೇಡ ಅನ್ನುತ್ತದೆ.

ಮೇಜಿನ ಮೇಲೆ ಇಡಬೇಕಾದದ್ದು: ಹೊಸ, ಒಣ, ಗಾಜಿನ ಪುಟ್ಟ ಬಾಟಲಿ. 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡಬೇಕು, ಆಮೇಲೆ ಒಂದೇ ಸಲ ಓರೆ ಮಾಡಿ ನೋಡಬೇಕು. ಹರಿದರೆ ರಕ್ತ ಹೆಪ್ಪುಗಟ್ಟುತ್ತಿಲ್ಲ, ಮಂಡಲದ ಹಾವಿನ ವಿಷ ಏರಿದೆ. ತಪ್ಪಾಗುವುದು ಮೂರು ಕಡೆ. ಪ್ಲಾಸ್ಟಿಕ್ ಬಾಟಲಿ, ಸೋಪು ಹಾಕಿ ತೊಳೆದ ಬಾಟಲಿ: ಇವೆರಡರಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟುವುದಿಲ್ಲ. ಮೂರನೆಯದು ಕುತೂಹಲ, ಐದೈದು ನಿಮಿಷಕ್ಕೆ ಎತ್ತಿ ನೋಡುವುದು. ಅನುಮಾನ ಇದ್ದರೆ ಜೊತೆಗೆ ಬಂದ ಸಂಬಂಧಿಕರೊಬ್ಬರ ರಕ್ತವನ್ನು ಪಕ್ಕದಲ್ಲೇ ಇನ್ನೊಂದು ಬಾಟಲಿಯಲ್ಲಿಡಿ.

ಎಎಸ್‌ವಿ 10 ವಯಲ್. ಮಕ್ಕಳಿಗೂ ಅಷ್ಟೇ, ಹಾವು ಮಕ್ಕಳಿಗೆ ಅಂತ ಕಡಿಮೆ ವಿಷ ಬಿಡುವುದಿಲ್ಲ. ಪ್ರತಿ ವಯಲ್‌ಗೆ 10 ಮಿ.ಲೀ. ಡಿಸ್ಟಿಲ್ಡ್ ವಾಟರ್ ಹಾಕಿ ಅಂಗೈಯಲ್ಲಿ ಉರುಳಿಸಬೇಕು. ಕುಲುಕಿದರೆ ನೊರೆ ಏಳುತ್ತದೆ, ನೊರೆಯನ್ನು ಸಿರಿಂಜ್‌ಗೆ ಎಳೆಯಲಾಗುವುದಿಲ್ಲ. ಪುಡಿ ಕರಗಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಇಬ್ಬರು ಉರುಳಿಸಲಿ, ಒಬ್ಬರು ಎಳೆದು ಸಲೈನ್‌ಗೆ ಹಾಕಲಿ. ಒಂದು ತಾಸಿನೊಳಗೆ ಒಳಗೆ ಹೋಗಬೇಕು.

ಕ್ಯಾಶುವಾಲ್ಟಿ ಕಟ್ಟಿ
ರಿಯಾಕ್ಷನ್ ಬಂದರೆ ಮೊದಲು ಎಎಸ್‌ವಿ ನಿಲ್ಲಿಸಿ, ಅಡ್ರಿನಲಿನ್ 0.5 ಮಿ.ಲೀ. ತೊಡೆಯ ಹೊರಬದಿಯ ಸ್ನಾಯುವಿಗೆ. 1 ಮಿ.ಲೀ.ಗೆ 1 ಮಿ.ಗ್ರಾಂ ಇರುವ ಆಂಪೂಲ್. ಸಾಮಾನ್ಯ ತಪ್ಪು: ಮೊದಲು ಅಲರ್ಜಿಯ ಅವಿಲ್, ಆಮೇಲೆ ಹೈಡ್ರೋಕಾರ್ಟಿಸೋನ್, ಎರಡೂ ಕೆಲಸ ಮಾಡಲಿಲ್ಲ ಅಂದ ಮೇಲೆ ಅಡ್ರಿನಲಿನ್. ಆ ಹೊತ್ತಿಗೆ ಬಿಪಿ ಸಿಗುವುದಿಲ್ಲ. ಇನ್ನೊಂದು ತಪ್ಪು ಇನ್ನೂ ಕೆಟ್ಟದ್ದು: ಗಾಬರಿಯಲ್ಲಿ ಪೂರ್ತಿ ಆಂಪೂಲ್ ನೇರ ರಕ್ತನಾಳಕ್ಕೆ. ಸಿರಿಂಜ್ ಮೇಲೆ 'ತೊಡೆಗೆ ಮಾತ್ರ' ಅಂತ ಪ್ಲಾಸ್ಟರ್ ಅಂಟಿಸಿ ಅಭ್ಯಾಸ ಮಾಡಿಸಿ.

ಮುಧೋಳ ಮುಂಗಾರು
ಟೆಸ್ಟ್ ಡೋಸ್ ಹಳೇ ಪುಸ್ತಕದಾಗ ಐತಿ. ಹೊಸಾ ಮಾರ್ಗಸೂಚಿ ಪಿಎಚ್‌ಸಿಗೆ ಮುಟ್ಟಿಲ್ಲ ಅಂದ್ರ ಯಾರ ತಪ್ಪು? ಗ್ವಾಡಿಗೆ ಹಚ್ಚಿದ ಚಾರ್ಟ್ ಬದಲಿ ಮಾಡೂದು ತರಬೇತಿ ಪಟ್ಟಿಯೊಳಗ ಬರಲಿ.

ಖಾನಾಪುರ ಕಾಡು
ಇದು ನಿಜ. ಹಳೆಯ ಚಾರ್ಟ್ ಕಿತ್ತುಹಾಕಿದ ಮೇಲೇ ಹೊಸದು ಹಚ್ಚಬೇಕು, ಎರಡೂ ಪಕ್ಕಪಕ್ಕ ಇರಬಾರದು.

ಕಟ್ಟುಹಾವಿನ ಬಗ್ಗೆ ಮರೆತಿರಬಾರದು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಡಿಯುತ್ತದೆ, ಬಾವು ಇಲ್ಲ, ಗುರುತೂ ಕಾಣದಿರಬಹುದು. ನಸುಕಿನಲ್ಲಿ ಹೊಟ್ಟೆನೋವು ಅಂತ ಬರುತ್ತಾರೆ, ಗ್ಯಾಸಿನ ಇಂಜೆಕ್ಷನ್ ಹಾಕಿ ಕಳಿಸಿಬಿಡುತ್ತಾರೆ. ಕಣ್ಣಿನ ರೆಪ್ಪೆ ಜೋತು ಬಿದ್ದಿದೆಯಾ, ದಿಂಬಿನಿಂದ ತಲೆ ಎತ್ತಲು ಬರುತ್ತದಾ ನೋಡಬೇಕು. ಉಸಿರು ಸೋಲುತ್ತಿದ್ದರೆ ದಾರಿಯುದ್ದಕ್ಕೂ ಆಂಬು ಬ್ಯಾಗ್ (ಅದೇ ಬ್ಯಾಗ್-ಮಾಸ್ಕ್) ಒತ್ತುತ್ತ ಹೋಗಬೇಕು, ಆರು ಸೆಕೆಂಡಿಗೊಂದು. ಖಾನಾಪುರದ ಒಳಹಳ್ಳಿಯಿಂದ ಬೆಳಗಾವಿ ತನಕ ಒಬ್ಬರ ಕೈ ತಡೆಯುವುದಿಲ್ಲ, ಇಬ್ಬರು ಹತ್ತಲೇಬೇಕು.

ಗುಳಗಿ ಲೆಕ್ಕ
ವಿಷದ ಮೇಜಿಗೆ ನನ್ನದು ಲೆಕ್ಕ ಮಾತ್ರ. ದ್ರಾಕ್ಷಿ, ದಾಳಿಂಬೆ, ತೊಗರಿಗೆ ಎಣ್ಣೆ (ಕೀಟನಾಶಕ) ಹೊಡೆಯುವ ನಾಡಿದು, ಆರ್ಗನೋಫಾಸ್ಫೇಟ್ ಎಂಬ ಕೀಟನಾಶಕದ ವಿಷದ ಕೇಸು ಬಂದೇ ಬರುತ್ತವೆ. ಅದಕ್ಕೆ ಪ್ರತಿಮದ್ದು ಅಟ್ರೋಪಿನ್, ಆಂಪೂಲ್ 0.6 ಮಿ.ಗ್ರಾಂ. ಮೊದಲ ಡೋಸ್ 1.8 ಮಿ.ಗ್ರಾಂ, ಅಂದರೆ 3 ಆಂಪೂಲ್. ಐದು ನಿಮಿಷಕ್ಕೆ ಎದೆಯ ಗೊರಗೊರ ಕಡಿಮೆಯಾಗದಿದ್ದರೆ ದುಪ್ಪಟ್ಟು, 6. ಮತ್ತೆ ದುಪ್ಪಟ್ಟು, 12. ಮತ್ತೆ, 24. ಕಾಲು ತಾಸಿನಲ್ಲಿ 45 ಆಂಪೂಲ್. ಟ್ರಾಲಿಯಲ್ಲಿ ಹತ್ತು ಇಟ್ಟುಕೊಂಡ ಪಿಎಚ್‌ಸಿ ಮೂರನೇ ಡೋಸಿನ ಹೊತ್ತಿಗೆ ಖಾಲಿ ಕೈ. ನೂರು ಇಂಡೆಂಟ್ ಹಾಕಿದರೆ ಸ್ಟೋರಿನವರು ಹುಬ್ಬು ಏರಿಸುತ್ತಾರೆ, ಈ ಲೆಕ್ಕ ತೋರಿಸಿ.

ಕ್ಯಾಶುವಾಲ್ಟಿ ಕಟ್ಟಿ
ಗುರಿ ಏನು ಅಂತಲೂ ಹೇಳಿ. ಎದೆ ತಿಳಿಯಾಗಬೇಕು, ಕಂಕುಳ ಒಣಗಬೇಕು, ನಾಡಿ 80ರ ಮೇಲೆ, ಮೇಲಿನ ಬಿಪಿ 80ರ ಮೇಲೆ. ಕಣ್ಣಿನ ಪಾಪೆ ನೋಡಿಕೊಂಡು ಕೂರಬಾರದು, ಅದು ತಡವಾಗಿ ಬದಲಾಗುತ್ತದೆ. ನಾಡಿ ಜೋರಿದೆ ಅಂತ ಅಟ್ರೋಪಿನ್ ತಡೆಯುವುದೂ ತಪ್ಪು. ಎಲ್ಲಕ್ಕಿಂತ ಮೊದಲು ಕೈಗವಸು ಹಾಕಿ ಬಟ್ಟೆ ಬಿಚ್ಚಿ, ಮೈ ತೊಳೆಯಿರಿ. ಎಚ್ಚರ ಇಲ್ಲದವರಿಗೆ ಉಸಿರ ನಾಳ ಕಾಪಾಡದೆ ಹೊಟ್ಟೆ ತೊಳೆಯುವ ನಳಿಗೆ ಹಾಕಿದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದಂತೂ ಬೇಡವೇ ಬೇಡ.

ಸೈರನ್
ನಮ್ಮ 108 ಕಡೆಯಿಂದ ಎರಡು ವಿನಂತಿ. ರೋಗಿ ಹತ್ತಿಸುವಾಗ ಒಂದು ಚೀಟಿ ಕೊಡ್ರಿ: ಏನಾಯ್ತು, ಏನು ಕೊಟ್ಟೀರಿ, ಎಷ್ಟು ಗಂಟೆಗೆ, ಕಡೇ ನಾಡಿ-ಬಿಪಿ, ಮುಂದ ಯಾರಿಗೆ ಫೋನ್ ಮಾಡೀರಿ. 'ಸೀರಿಯಸ್ ಐತಿ, ಲಗು ಹೋಗ್ರಿ' ಅನ್ನೂದು ಹ್ಯಾಂಡೋವರ್ ಅಲ್ಲ. ಮುಂದಿನ ಆಸ್ಪತ್ರೆಗೆ ನಿಮ್ಮ ಫೋನ್ ಹೋಗದಿದ್ರ ಅಲ್ಲಿ ಮತ್ತ ಮೊದಲಿಂದ ಶುರು ಆಗ್ತೈತಿ.

ಎರಡನೇದು ಸಿಲಿಂಡರ್. ಸಣ್ಣ ಬಿ ಟೈಪ್ ತುಂಬಿದ್ದಾಗ ಸುಮಾರು 1500 ಲೀಟರ್. ನಿಮಿಷಕ್ಕ 10 ಲೀಟರ್ ಬಿಟ್ರ ಎರಡೂವರೆ ತಾಸು. ಗೇಜ್ ಅರ್ಧಕ್ಕ ಇದ್ರ ಅರ್ಧ ಹೊತ್ತು. ಇದನ್ನ ಹೇಳಿಕೊಡ್ರಿ, ಯಾಕಂದ್ರ ಗೇಜ್ ನೋಡದ 'ಆಕ್ಸಿಜನ್ ಐತಿ' ಅಂತ ಬರದಿರ್ತಾರ.

ಹಿಡಕಲ್ ನೀರು
ಸಿಲಿಂಡರ್ ಮಾತು ಬಂತಲ್ಲ, ಐದನೇ ಮೇಜಿನಲ್ಲಿ ಇದನ್ನೇ ಪರೀಕ್ಷೆಯಾಗಿ ಇಡಿ. ಕೈಗೆ ಮುಚ್ಚಿದ ಸಿಲಿಂಡರ್, ಚಾವಿ, ರೆಗ್ಯುಲೇಟರ್, ನೀರಿನ ಬಾಟಲಿ, ಮಾಸ್ಕ್ ಕೊಟ್ಟು 'ಗಾಳಿ ಬರಲಿ' ಅನ್ನಿ. ಮೊದಲು ಕ್ಷಣಮಾತ್ರ ತೆರೆದು ಬಾಯಿಯ ಧೂಳು ಹಾರಿಸಬೇಕು, ಆಮೇಲೆ ರೆಗ್ಯುಲೇಟರ್. ವಾಷರ್ ಇಲ್ಲದಿದ್ದರೆ ಸುಂಯ್ ಅನ್ನುತ್ತದೆ. ಬಾಟಲಿಯ ಮುಚ್ಚಳ ಓರೆ ಕೂತರೆ ಫ್ಲೋಮೀಟರಿನ ಗುಂಡು 10 ತೋರಿಸುತ್ತದೆ, ಮಾಸ್ಕಿಗೆ ಏನೂ ಬರುವುದಿಲ್ಲ. ನೀರಿನಲ್ಲಿ ಗುಳ್ಳೆ ಏಳುತ್ತಿದೆಯಾ ನೋಡಬೇಕು. ಚೀಲ ಇರುವ ಮಾಸ್ಕ್ ಆದರೆ ಮೊದಲು ಚೀಲ ತುಂಬಿಸಿ, ಆಮೇಲೆ ಮುಖಕ್ಕೆ. ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ತೆಗೆಯುವ ಯಂತ್ರ) 5 ಲೀಟರಿನದ್ದಾದರೆ ಆ ಮಾಸ್ಕ್ ಹಾಕಲೇಬೇಡಿ, ಅದಕ್ಕೆ 10ರಿಂದ 15 ಬೇಕು. ನಟ್ ಬಿಗಿ ಅಂತ ಎಣ್ಣೆ, ಗ್ರೀಸ್ ಸವರುವವರಿದ್ದಾರೆ, ಬೆಂಕಿ ಹತ್ತುತ್ತದೆ.

ಮತ್ತೆ ಈ ಕೆಲಸ ನಿಜಕ್ಕೂ ಮಾಡುವವರು ಯಾರು? ಡಿ ಗ್ರೂಪ್ ಸಿಬ್ಬಂದಿ. ನಿಮ್ಮ ಪಟ್ಟಿಯಲ್ಲಿ ಅವರೇ ಇಲ್ಲ.

ಡೋಣಿ ದಂಡಿ
ಡಿ ಗ್ರೂಪ್ ಸೇರಸೂಕ ಪ್ರಯತ್ನ ಮಾಡ್ತೀನ್ರಿ. ಟಿಎ (ಪ್ರಯಾಣ ಭತ್ಯೆ) ಯಾವ ಹೆಡ್ಡಿನಾಗ ಹಾಕೂದು ಅನ್ನೂದ ತಲಿನೋವು.

ಬಾದಾಮಿ ಬಿಸಿಲು
ಟಿಎ ಸಿಗದಿದ್ರೂ ಗಿರಮಿಟ್ಟು-ಮಿರ್ಚಿ ಚೊಲೊ ಇರ್ಲಿ, ಮಧ್ಯಾಹ್ನದ ಮ್ಯಾಲ ಕುಂದ್ರತಾರ.

ಲೇಬರ್ ರೂಮ್ ಅಕ್ಕ
ಊಟ ಆದ ಕೂಡಲೇ ಕೂಸಿನ ಮೇಜು ಇಡ್ರಿ, ನಿದ್ದಿ ಬರಂಗಿಲ್ಲ. ಒರಸೂದು, ಬೆನ್ನು ತಿಕ್ಕೂದು, ಅಳಲಿಲ್ಲ ಅಂದ್ರ ಬ್ಯಾಗ್, ಎಲ್ಲಾ ಒಂದು ನಿಮಿಷದೊಳಗ. ನಿಮಿಷಕ್ಕ 40ರಿಂದ 60 ಉಸಿರು. ಎದಿ ಏಳ್ತೈತಾ ನೋಡಬೇಕು. ಏಳಲಿಲ್ಲ ಅಂದ್ರ ಜೋರು ಒತ್ತೂದಲ್ಲ: ಮಾಸ್ಕ್ ಮತ್ತ ಕೂಡಸ್ರಿ, ತಲಿ ಸರಿ ಮಾಡ್ರಿ, ಮೊದಲ ಬಾಯಿ ಆಮ್ಯಾಲ ಮೂಗು ಸ್ವಚ್ಛ ಮಾಡ್ರಿ, ಬಾಯಿ ಸ್ವಲ್ಪ ತೆರಸ್ರಿ, ಕಡೀಕ ಒತ್ತಡ ಹೆಚ್ಚ ಮಾಡ್ರಿ. ಭಾಳ ಸಲ ಸೋರೂದು ಗದ್ದದ ಕಡೆ.

ಬ್ಯಾಗ್ ತೊಳದ ಮ್ಯಾಲ ವಾಲ್ವ್ ಉಲ್ಟಾ ಕೂಡಸಿಟ್ಟಿರ್ತಾರ, ಅದು ಹೆರಿಗಿ ಹೊತ್ತಿಗೆ ಗೊತ್ತಾಗ್ತೈತಿ. ಪ್ರತಿ ಶಿಫ್ಟಿನಾಗ ಮಾಸ್ಕ್ ಅಂಗೈಗೆ ಒತ್ತಿ ಬ್ಯಾಗ್ ಹಿಚಕ್ರಿ. ಒತ್ತಡದ ವಾಲ್ವ್ ಸಪ್ಪಳ ಮಾಡಬೇಕು, ಬಿಟ್ಟ ಕೂಡಲೇ ಬ್ಯಾಗ್ ಉಬ್ಬಬೇಕು.

ಹಿಡಕಲ್ ನೀರು
ಹೆರಿಗೆ ರಕ್ತಸ್ರಾವ ಯಾರೂ ಮುಟ್ಟಿಲ್ಲ. ಕಣ್ಣಳತೆಯಲ್ಲಿ ರಕ್ತ ಅಳೆಯುವುದೇ ಮೊದಲ ತಪ್ಪು, ಯಾವಾಗಲೂ ಕಡಿಮೆ ಅನ್ನಿಸುತ್ತದೆ. ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಡ್ರೇಪ್ (ಬಾಣಂತಿಯ ಕೆಳಗೆ ಹಾಸುವ ಹಾಳೆ) ಬಳಸಬೇಕು. ಅದರ ಮೊದಲ ದೊಡ್ಡ ಬಳಕೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ ಆಯಿತು: ಎಎನ್‌ಎಂಗಳೇ (ಹಳ್ಳಿಯ ದಾದಿಯರೇ) ಗರ್ಭಕೋಶ ಬಿಗಿಯಾಗಿಸುವ ಮಿಸೊಪ್ರೊಸ್ಟಾಲ್ 600 ಮೈಕ್ರೋಗ್ರಾಂ ಬಾಯಿಗೆ ಕೊಟ್ಟ ಅಧ್ಯಯನ, 1620 ಬಾಣಂತಿಯರು, 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿದಿತ್ತು. 2023ರ ಇ-ಮೋಟಿವ್ ಅಧ್ಯಯನ ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆಯಿತು, ಅದರ ಮೂಲವೂ ಡ್ರೇಪೇ: ಅಳೆ, ಗೆರೆ ದಾಟಿದ ಕೂಡಲೇ ಎಲ್ಲ ಚಿಕಿತ್ಸೆ ಒಟ್ಟಿಗೆ ಶುರು ಮಾಡು, ಒಂದಾದ ಮೇಲೊಂದು ಕಾದು ನೋಡಬೇಡ. ತೀವ್ರ ಪರಿಣಾಮಗಳು ಶೇ. 60ರಷ್ಟು ಇಳಿದವು.

ಒಟ್ಟಿಗೆ ಅಂದರೆ: ಒಬ್ಬರು ಗರ್ಭಕೋಶ ತಿಕ್ಕುವುದು, ಒಬ್ಬರು ಸಲೈನ್ ಹಾಕಿ ಲೀಟರಿಗೆ ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್ 20 ಯುನಿಟ್, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಹತ್ತು ನಿಮಿಷದಲ್ಲಿ ನಿಧಾನ ರಕ್ತನಾಳಕ್ಕೆ, ಹೆರಿಗೆಯಾದ ಮೂರು ತಾಸಿನ ಒಳಗೆ. ಮೂತ್ರಚೀಲ ಖಾಲಿ ಮಾಡಿ, ಕಸ (ಮಾಸು) ಪೂರ್ತಿ ಬಂದಿದೆಯಾ, ಎಲ್ಲಿಯಾದರೂ ಹರಿದಿದೆಯಾ ನೋಡಬೇಕು.

ಗುಳಗಿ ಲೆಕ್ಕ
ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿ. ನಮ್ಮ ಏಪ್ರಿಲ್-ಮೇ ತಿಂಗಳಲ್ಲಿ ಟ್ರೇಯಲ್ಲಿ ದಿನಗಟ್ಟಲೆ ಬಿದ್ದ ಆಂಪೂಲನ್ನು ನಂಬುವ ಹಾಗಿಲ್ಲ. ಫ್ರಿಜ್ ಬಾಗಿಲಿನಲ್ಲಿ ಇಡಬೇಡಿ, ಒಳಗಿನ ಹಂತದಲ್ಲಿಡಿ. 5 ಯುನಿಟ್ಟಿನ ಆಂಪೂಲ್ ಆದರೆ ಹೆರಿಗೆಯಾದ ಕೂಡಲೇ ಕೊಡುವ 10ಕ್ಕೆ ಎರಡು ಬೇಕು, ಒಂದೇ ಕೊಟ್ಟು ಸುಮ್ಮನಾಗುವುದು ಕಾಮನ್ ತಪ್ಪು.

ಬಾದಾಮಿ ಬಿಸಿಲು
ಬಿಸಿಲ ಹೊಡೆತಕ್ಕ ಐದು ನಿಮಿಷ ಕೊಡ್ರಿ. ಮೈ ಬಿಸಿ 40 ಡಿಗ್ರಿ ದಾಟಿ ಮಾತು ತಪ್ಪಿದ್ರ ಮೊದಲ ತಂಪು, ಆಮ್ಯಾಲ ಆಂಬುಲೆನ್ಸ್. ಬಟ್ಟಿ ಸಡಿಲ ಮಾಡಿ, ಹಸಿ ಚಾದರ ಹಾಕಿ ಫ್ಯಾನ್ ಹಚ್ಚರಿ, ಕುತ್ತಿಗಿ-ಕಂಕಳ-ತೊಡೆಸಂದಿಗೆ ಐಸ್. ಲಸಿಕೆ ಡಬ್ಬಿಯ ಐಸ್‌ಪ್ಯಾಕ್ ಪ್ರತಿ ಪಿಎಚ್‌ಸಿಯಾಗ ಅದಾವು. ಪ್ಯಾರಾಸಿಟಮಾಲ್ ಇದಕ್ಕ ಕೆಲಸ ಮಾಡಂಗಿಲ್ಲ.

ಸೈರನ್
ಅಪಘಾತ ಪೂರ್ತಿ ಬಿಟ್ರೇನು? ಕಬ್ಬಿನ ಹಂಗಾಮು ಬಂತು. ರಿಫ್ಲೆಕ್ಟರ್ ಇಲ್ಲದ ಎರಡೆರಡು ಟ್ರೇಲರ್ ಕತ್ತಲದಾಗ ರೋಡಿನ ಮ್ಯಾಲ ನಿಂತಿರ್ತಾವು.

ಮುಧೋಳ ಮುಂಗಾರು
ರಿಫ್ಲೆಕ್ಟರ್ ಕಾರ್ಖಾನಿ ಗೇಟಿನಾಗ ಹಚ್ಚಿ ಕಳಸಬೇಕು. ಹಂಗಾಮಿನ ಮೊದಲ ವಾರ ಹಚ್ತಾರ, ಕೆಸರು ಮೆತ್ತಿ ಮುಚ್ಚಿಹೋಗ್ತೈತಿ, ಮತ್ಯಾರೂ ಒರಸಂಗಿಲ್ಲ. ಟ್ರೇಲರಿನಿಂದ ಹೊರಗ ಚಾಚಿದ ಕಬ್ಬು ಇದ್ದ ರಿಫ್ಲೆಕ್ಟರನ್ನೂ ಮುಚ್ತೈತಿ.

ಕ್ಯಾಶುವಾಲ್ಟಿ ಕಟ್ಟಿ
ಅದು ಬೇರೆ ಚರ್ಚೆ. ತರಬೇತಿಗೆ ಬೇಕಾದದ್ದು: ಒಮ್ಮೆಲೇ ಹತ್ತು ಜನ ಬಂದರೆ ವಿಂಗಡಿಸುವುದು, ಕೆಂಪಿಗೆ ಮೊದಲ ಸರದಿ, ಆಮೇಲೆ ಹಳದಿ, ಆಮೇಲೆ ಹಸಿರು. 'ನಡೆಯೋರೆಲ್ಲ ಆ ಬೇವಿನ ಗಿಡದ ಕೆಳಗೆ ಹೋಗ್ರಿ' ಅನ್ನಿ, ಅವರು ಹಸಿರು. ಉಳಿದವರಲ್ಲಿ ಉಸಿರು 30ರ ಮೇಲೆ, ಮುಂಗೈ ನಾಡಿ ಸಿಗುತ್ತಿಲ್ಲ, ಹೇಳಿದ್ದು ಕೇಳುತ್ತಿಲ್ಲ, ಇವುಗಳಲ್ಲಿ ಒಂದಿದ್ದರೂ ಕೆಂಪು. ಮೂರೂ ಸರಿ ಇದ್ದು ನಡೆಯಲಾಗದವರು ಹಳದಿ. ಉಸಿರಿಲ್ಲದಿದ್ದರೆ ದವಡೆ ಎತ್ತಿ ದಾರಿ ತೆರೆಯಿರಿ, ಆಗಲೂ ಬರದಿದ್ದರೆ ಕಪ್ಪು. ಒಬ್ಬರಿಗೆ ಅರ್ಧ ನಿಮಿಷ. ಗಟ್ಟಿಯಾಗಿ ಚೀರುವವರ ಹತ್ತಿರ ಮೊದಲು ಓಡುವುದೇ ಇಲ್ಲಿ ಆಗುವ ತಪ್ಪು, ಚೀರುವವರಿಗೆ ಉಸಿರಿದೆ. ಮೂವತ್ತು ಜನಕ್ಕೆ ಚೀಟಿ ಕೊಟ್ಟು ಅಂಗಳದಲ್ಲಿ ಮಲಗಿಸಿ, ಇಪ್ಪತ್ತು ನಿಮಿಷದ ಆಟ.

ಲೇಬರ್ ರೂಮ್ ಅಕ್ಕ
ಸಿಪಿಆರ್ ಬಗ್ಗೆ ಒಂದ ಸಾಲು: ಮೆತ್ತನ ಗಾದಿ ಮ್ಯಾಲ ಒತ್ತಿದ್ರ ಗಾದಿ ಒತ್ತತೈತಿ, ಎದಿ ಅಲ್ಲ. ಬೆನ್ನ ಕೆಳಗ ಹಲಗಿ ಇಡ್ರಿ. ತುಂಬಿದ ಬಸುರಿ ಆದ್ರ ಒಬ್ಬರು ಹೊಟ್ಟಿ ಎಡಕ್ಕ ಸರಿಸಿ ಹಿಡೀಬೇಕು.

ಆಶಾ ದಾರಿ
ನಿಮಿಷಕ್ಕ 100ರಿಂದ 120, 5 ಸೆಂ.ಮೀ. ಆಳ, ಎರಡು ನಿಮಿಷಕ್ಕ ಕೈ ಬದಲಿ. ಪ್ರತಿ ಸಲ ಎದಿ ಪೂರ್ತಿ ಮ್ಯಾಲ ಬರಾಕ ಬಿಡಬೇಕು, ದಣದೋರು ಎದಿ ಮ್ಯಾಲ ಭಾರ ಹಾಕಿ ಒರಗ್ತಾರ.

ಮುಧೋಳ ಮುಂಗಾರು
ಪಿಎಚ್‌ಸಿಯಾಗ ವಾರದ ಕಸರತ್ತಿಗೆ ಔಷಧ ಎಲ್ಲಿಂದ? ಅವಧಿ ಮುಗದ ಆಂಪೂಲ್ ಇಟ್ಕೊಂಡ್ರ ಪುಕ್ಕಟ ಆಗ್ತೈತಿ.

ಗುಳಗಿ ಲೆಕ್ಕ
ಬೇಡ. ಒಂದು ಆಂಪೂಲ್ ಟ್ರಾಲಿಗೆ ಹೋಗಿ ಕೂತರೆ ಸಾಕು, ನಿಜವಾದ ರೋಗಿಗೆ ಹೋಗುತ್ತದೆ. ಡಿಸ್ಟಿಲ್ಡ್ ವಾಟರ್ ಆಂಪೂಲಿಗೆ ಕೆಂಪು ಟೇಪ್ ಸುತ್ತಿ 'ಅಭ್ಯಾಸಕ್ಕೆ' ಅಂತ ಬರೆಯಿರಿ, ಬೇರೆ ಡಬ್ಬಿಯಲ್ಲಿ ಬೀಗ ಹಾಕಿಡಿ, ಕಸರತ್ತು ಮುಗಿದ ಮೇಲೆ ಎಣಿಸಿ ಒಳಗೆ ಹಾಕಿ.

ಹಿಡಕಲ್ ನೀರು
ಕಸರತ್ತು ಹೇಳದೆ ಕೇಳದೆ ಮಾಡಿ, ರಾತ್ರಿ ಪಾಳಿಯಲ್ಲೂ ಮಾಡಿ. ರಾತ್ರಿ ಇಬ್ಬರೇ ಇರುತ್ತಾರೆ, ಹಗಲಿನ ಐದು ಜನರ ನಾಟಕ ರಾತ್ರಿಗೆ ಉಪಯೋಗವಿಲ್ಲ. ಹೆಸರು ಹಿಡಿದು ಹೇಳುವುದು, ಕೇಳಿದವರು ತಿರುಗಿ ಹೇಳುವುದು ರೂಢಿಯಾಗಲಿ: 'ಸಿಸ್ಟರ್, ಆಕ್ಸಿಟೋಸಿನ್ 10 ಯುನಿಟ್ ತೊಡೆಗೆ.' 'ಆಕ್ಸಿಟೋಸಿನ್ 10 ತೊಡೆಗೆ ಕೊಟ್ಟೆ, 4 ಗಂಟೆ 12.' ಒಬ್ಬರು ಗಡಿಯಾರ ನೋಡಿ ಬರೆಯಲಿ. ಮುಗಿದ ಮೇಲೆ 'ಯಾರು ತಪ್ಪಿದರು' ಕೇಳಬೇಡಿ, 'ಯಾವ ಸಾಮಾನು ಸಿಗಲಿಲ್ಲ, ಎಷ್ಟು ನಿಮಿಷ ಹೋಯಿತು' ಕೇಳಿ. ಬೈಸಿಕೊಂಡವರು ಮುಂದಿನ ವಾರ ರಜೆ ಹಾಕುತ್ತಾರೆ.

ಡೋಣಿ ದಂಡಿ
ಸದ್ಯಕ್ಕ ಹಿಂಗ ಬರದೀನಿ: ಹತ್ತಕ್ಕ ಅಂಗಳದಾಗ ವಿಂಗಡಣೆ ಆಟ, ಇಪ್ಪತ್ತು ನಿಮಿಷ. ಆಮ್ಯಾಲ ಐದು ಮೇಜು, ಹಾವು ಬ್ಯಾರೆ, ವಿಷ ಬ್ಯಾರೆ. ಫಿಟ್ಸ್ ಮತ್ತ ರಕ್ತಸ್ರಾವ ಒಂದ ಮೇಜು, ಅದಕ್ಕ ಎಪ್ಪತ್ತು ನಿಮಿಷ, ಉಳಿದ ನಾಕಕ್ಕ ಐವತ್ತು. ಇಸಿಜಿ, ಬಿಸಿಲು ಚೀಟಿ ಮ್ಯಾಲ. ಲಕ್ವ, ಸುಟ್ಟಗಾಯ ಮುಂದಿನ ತಿಂಗಳು.

ಲೇಬರ್ ರೂಮ್ ಅಕ್ಕ
ಎಪ್ಪತ್ತರ ಮೇಜು, ಐವತ್ತರ ಮೇಜು ಹೆಂಗ ತಿರಗಸ್ತೀರಿ? ಒಂದು ಗುಂಪು ಇಪ್ಪತ್ತು ನಿಮಿಷ ನಿಂತಿರತೈತಿ. ಆ ಮೇಜಿಗೆ ಇಬ್ಬರು ಟ್ರೇನರ್ ಹಾಕ್ರಿ, ಮೂರು-ಮೂರು ಮಂದಿ ಒಡದು ಏಕಕಾಲಕ್ಕ ನಡಸ್ರಿ, ನಡುವ ಅದಲು ಬದಲು, ಐವತ್ತರಾಗ ಮುಗೀತೈತಿ.

ಡೋಣಿ ದಂಡಿ
ಚೊಲೊ ಆತು, ಹಂಗ ಮಾಡ್ತೀನಿ. ಸೈರನ್ ಅಣ್ಣಾರ, ನಮ್ಮಲ್ಲಿ ಸಿಲಿಂಡರ್ ಎರಡು ನಮೂನಿ ಅದಾವು, ಒಂದರ ರೆಗ್ಯುಲೇಟರ್ ಇನ್ನೊಂದಕ್ಕ ಕೂಡವಲ್ದು. ಅಭ್ಯಾಸಕ್ಕ ಯಾವುದು ತರಲಿ?

ಸೈರನ್
ಎರಡೂ ತರ್ರಿ. ಒಂದು ಪಿನ್ ಇರೋದು, ಇನ್ನೊಂದು ತಿರುಗಿಸಿ ಕೂಡಸೂ ನಟ್ಟಿಂದು. ಯಾವ ಪಿಎಚ್‌ಸಿಯಾಗ ಯಾವುದು ಐತಿ ಅಂತ ಬರೋರಿಗೆ ಮೊದಲ ಫೋಟೋ ಕಳಸಾಕ ಹೇಳ್ರಿ. ಚಾವಿ ಸಿಲಿಂಡರ್ ಕೊಳ್ಳಿಗೆ ಸರಪಳಿ ಹಾಕಿ ಕಟ್ಟಿದ ಫೋಟೋನ ಬೇಕು ಅನ್ರಿ.